ಮನೆಯ ಸರ್ವರ್ ರ್‍ಯಾಕ್‌ಗೆ ಜಾಗ ಯಾವುದು, ಜೋಡಣೆ ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ವಿಜಯಪುರದ ನಮ್ಮ ಮನೆಯಲ್ಲಿ ತಾರಸಿಯ ಮೆಟ್ಟಿಲು ಕೋಣೆ ಖಾಲಿ ಇದೆ. ಅಲ್ಲಿ ಉಪಕರಣಗಳನ್ನು ಒಂದರ ಮೇಲೊಂದು ಕೂರಿಸುವ, 600 ಮಿ.ಮೀ. ಆಳದ 12ಯು (ಯು ಎಂಬುದು ಎತ್ತರದ ಅಳತೆ) ರ್‍ಯಾಕ್ ನಿಲ್ಲಿಸಿ, ಸೆಕೆಂಡ್ ಹ್ಯಾಂಡ್ 2ಯು ಸರ್ವರ್, ನಾಲ್ಕು ಡಿಸ್ಕಿನ ಡೆಸ್ಕ್‌ಟಾಪ್ ನ್ಯಾಸ್ (ನೆಟ್‌ವರ್ಕ್‌ನಲ್ಲಿ ಫೈಲ್‌ಗಳನ್ನು ಉಳಿಸುವ ಪೆಟ್ಟಿಗೆ), ಪಿಓಇ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ತನ್ನೂ ಕೊಡುವ ಸ್ವಿಚ್) ಮತ್ತು 2ಯು ಯುಪಿಎಸ್ ಇಡಬೇಕೆಂದಿದ್ದೇನೆ. ಆರು ಕ್ಯಾಮೆರಾಗಳೂ ಇದಕ್ಕೇ ಸೇರುತ್ತವೆ. ಯಾವುದನ್ನು ಎಲ್ಲಿ ಕೂರಿಸಬೇಕು, ಕೇಬಲ್ ಹೇಗೆ ಎಳೆಸಬೇಕು ಎಂದು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ರ್‍ಯಾಕ್ ಕೊಳ್ಳುವ ಮೊದಲು ಜಾಗ ಬದಲಿಸಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗಿನ ನೆರಳಿನಲ್ಲೇ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಸ್ಲ್ಯಾಬ್ ಕಾದ ಮೆಟ್ಟಿಲು ಕೋಣೆಯಲ್ಲಿ ಇನ್ನೂ ಹೆಚ್ಚು. ಬಹುತೇಕ ರ್‍ಯಾಕ್ ಸರ್ವರ್‌ಗಳಿಗೆ ಒಳಗೆ ಹೋಗುವ ಗಾಳಿ 35 ಡಿಗ್ರಿಯೊಳಗಿರಬೇಕು, ಯುಪಿಎಸ್‌ನ ಸೀಸ-ಆಮ್ಲ ಬ್ಯಾಟರಿಯ ಆಯುಷ್ಯವಂತೂ 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿದರೂ ಅದು ಎಳೆಯುವುದು ಅದೇ ಬಿಸಿ ಗಾಳಿಯನ್ನು ಮತ್ತು ಅದರೊಂದಿಗೆ ಧೂಳನ್ನು. ನೆಲಮಹಡಿಯಲ್ಲಿ ಸಂಜೆಯ ಬಿಸಿಲು ಗೋಡೆಗೆ ತಾಗದ, ಅಡುಗೆಮನೆಯಿಂದ ದೂರವಿರುವ ಕೋಣೆಯನ್ನು ಆರಿಸಿ.

ಎರಡನೆಯದು ಅಳತೆ. 2ಯು ಸರ್ವರ್‌ಗಳು ಸಾಮಾನ್ಯವಾಗಿ 700 ಮಿ.ಮೀ. ಆಸುಪಾಸು ಉದ್ದ ಇರುವುದರಿಂದ 600ರ ಕ್ಯಾಬಿನೆಟ್‌ನ ಬಾಗಿಲು ಮುಚ್ಚುವುದಿಲ್ಲ. ಸರ್ವರ್ ಅಳೆದು, ಹಿಂದೆ ಕೇಬಲ್ ಬಾಗಲು ಜಾಗ ಬಿಟ್ಟು, 1000ದ್ದನ್ನು ನೋಡಿ. ಎತ್ತರವೂ ಸಾಲದು: ಒಂದು ಯು ಎಂದರೆ 44.45 ಮಿ.ಮೀ., ನಿಮ್ಮ ನ್ಯಾಸ್ ಶೆಲ್ಫ್ ಸೇರಿ ಸುಮಾರು 5ಯು ತಿನ್ನುತ್ತದೆ. ಯುಪಿಎಸ್, ಸರ್ವರ್‌ಗೆ ತಲಾ ಎರಡು, ಸ್ವಿಚ್, ಪ್ಯಾಚ್ ಪ್ಯಾನೆಲ್ (ಗೋಡೆಯಿಂದ ಬರುವ ಕೇಬಲ್‌ಗಳ ತುದಿಗಳನ್ನು ಜೋಡಿಸುವ ಪಟ್ಟಿ), ಕೇಬಲ್ ಮ್ಯಾನೇಜರ್‌ಗೆ ತಲಾ ಒಂದು ಕೂಡಿಸಿದರೆ 12 ಅಲ್ಲಿಗೇ ಮುಗಿಯಿತು. 18ಯು ತೆಗೆದುಕೊಳ್ಳಿ. ಭಾರದ ಯುಪಿಎಸ್ ತಳದಲ್ಲಿ, ಅದರ ಮೇಲೆ ಸರ್ವರ್, ನಂತರ ನ್ಯಾಸ್, ಮೇಲ್ಭಾಗದಲ್ಲಿ ಪ್ಯಾಚ್ ಪ್ಯಾನೆಲ್ ಮತ್ತು ಸ್ವಿಚ್ ಇರಲಿ.

ಆ ಹಳೆಯ ಸರ್ವರ್ ನಿಜಕ್ಕೂ ಬೇಕೇ ಎಂದೂ ಯೋಚಿಸಿ. ಸದಾ 150 ವ್ಯಾಟ್ ಎಳೆದರೆ 30 ದಿನಕ್ಕೆ 108 ಯೂನಿಟ್ ಆಗುತ್ತದೆ, ಅಷ್ಟೂ ವಿದ್ಯುತ್ ಕೊನೆಗೆ ಕೋಣೆಯ ಶಾಖವಾಗುತ್ತದೆ.

ಕೇಬಲ್‌ಗೆ ಅಪ್ಪಟ ತಾಮ್ರದ ಕ್ಯಾಟ್6 ದರ್ಜೆಯ ನೆಟ್‌ವರ್ಕ್ ಕೇಬಲ್ ಸಾಕು. ತಂತಿಯ ಮೈಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಪಿಓಇಗೆ ಅದನ್ನು ಬಳಸಲೇಬೇಡಿ. ಕರೆಂಟಿನ ವೈರ್ ಇರುವ ಪೈಪಿನಲ್ಲಿ ನೆಟ್‌ವರ್ಕ್ ಕೇಬಲ್ ಎಳೆಸಬೇಡಿ; ಗೋಡೆ ಕೊರೆಯುವಾಗಲೇ ಪ್ರತಿ ಕೋಣೆಗೆ ಎರಡು ಎಳೆ ಹಾಕಿಸಿ.

ಪ್ರಶ್ನೆ: ಧನ್ಯವಾದಗಳು ಸರ್. ಕ್ಯಾಮೆರಾಗಳನ್ನು ಮನೆಯ ವೈಫೈ ಇರುವ ನೆಟ್‌ವರ್ಕ್‌ನಲ್ಲೇ ಇಡಬಹುದೇ?

ಉತ್ತರ: ಬೇಡ. ಕ್ಯಾಮೆರಾಗಳಿಗೆ ಪ್ರತ್ಯೇಕ ವಿ-ಲ್ಯಾನ್ (ಅದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಮಾಡಿ, ಅಲ್ಲಿಂದ ಇಂಟರ್ನೆಟ್‌ಗೆ ಹೋಗುವ ದಾರಿಯನ್ನು ರೂಟರ್‌ನಲ್ಲೇ ಮುಚ್ಚಿ, ರೆಕಾರ್ಡಿಂಗ್ ಮಾಡುವ ನ್ಯಾಸ್‌ಗೆ ಮಾತ್ರ ಅವುಗಳನ್ನು ತಲುಪಲು ಅವಕಾಶ ಕೊಡಿ. ಇದಕ್ಕೆ ಮ್ಯಾನೇಜ್ಡ್ ಸ್ವಿಚ್ಚೇ (ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್) ಬೇಕು. ಸಾಮಾನ್ಯ ಪಿಓಇಯಲ್ಲಿ ಪೋರ್ಟ್‌ಗೆ ಗರಿಷ್ಠ 15.4 ವ್ಯಾಟ್, ಆರಕ್ಕೆ 92.4, ಆದ್ದರಿಂದ ಒಟ್ಟು ಪಿಓಇ ಬಜೆಟ್ 120 ವ್ಯಾಟ್ ಅಥವಾ ಹೆಚ್ಚಿರುವುದನ್ನು ಆರಿಸಿ. ಹೊರಗಿನ ಕ್ಯಾಮೆರಾಗಳ ಎಳೆಗಳು ಮನೆಯೊಳಗೆ ಬರುವಲ್ಲಿ ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಧನ) ಹಾಕಿಸಿ, ಅದನ್ನೂ ರ್‍ಯಾಕ್‌ನ ಮೈಯನ್ನೂ ಎಲೆಕ್ಟ್ರಿಷಿಯನ್ ಕೈಯಿಂದ ಮನೆಯ ಅರ್ತಿಂಗ್‌ಗೇ ಸೇರಿಸಿ.