ನಿಂತು ಹೋದ ಒಮೆಗಾ ವಾಚು 80 ಸಾವಿರಕ್ಕೆ: ತಗೊಳ್ಳಬಹುದಾ?

ಪ್ರಶ್ನೆ (ಸಿದ್ದಾಪುರ): ಅಣ್ಣ, ನಮಸ್ಕಾರ. ಮೈಸೂರಿನವರೊಬ್ಬರು ಒಮೆಗಾ ಸೀಮಾಸ್ಟರ್ 300 ಎಂ ಮಾರುತ್ತಿದ್ದಾರೆ. ಆಟೋಮ್ಯಾಟಿಕ್, ಆದರೆ ಓಡುತ್ತಿಲ್ಲ. ಡಬ್ಬಿ ಇದೆ, ಬಿಲ್ಲು ಇಲ್ಲ. 80 ಸಾವಿರ ಕೇಳುತ್ತಿದ್ದಾರೆ. ಓಡುವ ವಾಚಾಗಿದ್ದರೆ 1.75 ಲಕ್ಷವಂತೆ. ಸಣ್ಣ ರಿಪೇರಿ, ಸರ್ವಿಸ್ ಮಾಡಿಸಿದರೆ ಸಾಕು ಅನ್ನುತ್ತಾರೆ. ಈ ಸಲ ಕಾಫಿ ದುಡ್ಡು ಕೈಯಲ್ಲಿದೆ. ಬಹಳ ದಿನದ ಆಸೆ.

ಉತ್ತರ (ವಾಚ್ ರಿಪೇರಿ, ಮಡಿಕೇರಿ): ನಮಸ್ಕಾರ. ಒಳ್ಳೆಯ ವಾಚಿಗೇ ಆಸೆಪಟ್ಟಿದ್ದೀರಿ. ಆದರೆ ಹಿಂದಿನ ಮುಚ್ಚಳ ಬಿಚ್ಚಿಸಿ ಒಳಗೆ ನೋಡದೆ ಅಡ್ವಾನ್ಸ್ ಕೂಡ ಕೊಡಬೇಡಿ. ಸಣ್ಣ ರಿಪೇರಿಯಾಗಿದ್ದರೆ ಅವರೇ ಮಾಡಿಸಿ ಪೂರ್ತಿ ಬೆಲೆಗೆ ಮಾರುತ್ತಿದ್ದರು, ಅಲ್ವಾ?

ವಾಚು ನಿಲ್ಲುವುದಕ್ಕೆ ಕಾರಣ ಹಲವು. ಎಣ್ಣೆ ಒಣಗಿದ್ದರೆ, ಮೇನ್‌ಸ್ಪ್ರಿಂಗ್ (ವಾಚನ್ನು ಓಡಿಸುವ ಸುರುಳಿ) ತುಂಡಾಗಿದ್ದರೆ ಹೆದರಬೇಕಿಲ್ಲ. ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕುವಾಗಲೇ, ಸ್ಪ್ರಿಂಗ್ ಬದಲಿಸಿ, ಅದು ಸರಿಹೋಗುತ್ತದೆ. ನಾನು ಹೆದರುವುದು ನೀರಿಗೆ. ಡಯಲ್ ಮೇಲಿನ 300 ಮೀಟರ್, ಅಂದರೆ ಅಷ್ಟು ಆಳದ ನೀರು ತಡೆಯುತ್ತದೆ ಅನ್ನೋದು, ರಬ್ಬರ್ ರಿಂಗುಗಳು ಚೆನ್ನಾಗಿದ್ದಾಗಿನ ಮಾತು. ಅವು ಗಟ್ಟಿಯಾದ ಮೇಲೆ ಕೀ ಕೊಡುವ ಗುಂಡಿಯ ಪಕ್ಕದಿಂದ ತೇವ ಒಳಗೆ ಹೋಗುತ್ತದೆ. ಮೊದಲು ಕೀ ಕಡ್ಡಿಗೆ ತುಕ್ಕು, ಆಮೇಲೆ ಸುತ್ತಲಿನ ಸಣ್ಣ ಹಲ್ಲುಚಕ್ರ, ಸ್ಕ್ರೂಗಳಿಗೆ. ವಾಚು ಇಷ್ಟು ದಿನ ಎಲ್ಲಿತ್ತು ಅಂತ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಇಂಥ ಕಡೆ ತೇವ ಹೊಕ್ಕ ವಾಚು ಒಂದು ಮಳೆಗಾಲ ಹಾಗೇ ಬಿದ್ದಿದ್ದರೆ ಸಾಕು.

ಬಿಚ್ಚುವ ಮೊದಲೇ ಸ್ವಲ್ಪ ಗೊತ್ತಾಗುತ್ತದೆ. ಗುಂಡಿ ಸಡಿಲಿಸಿ ಮೆಲ್ಲಗೆ ಇಪ್ಪತ್ತು ಮೂವತ್ತು ಸುತ್ತು ಕೀ ಕೊಡಿ. ಸುಮ್ನೆ ಕೀ ಇಳಿದು ನಿಂತಿರುವುದೂ ಉಂಟು. ಮುಳ್ಳು ತಿರುಗಿಸುವಾಗ ಮರಳು ಸಿಕ್ಕಿದ ಹಾಗೆ ಕರಕರ ಅಂದರೆ ತುಕ್ಕಿನ ಅನುಮಾನ. ವಾಚನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಡಿ. ಆಮೇಲೆ ಒರೆಸಿ ನೋಡಿ. ಗಾಜಿನ ಒಳಗಡೆ ಮಂಜು ಕಟ್ಟಿದರೆ ತೇವ ಇದೆ ಅಂತಲೇ ಲೆಕ್ಕ.

ಒಳಗಿನ ಮೆಷಿನ್ ಯಾವುದು ಅನ್ನೋದೂ ಮುಖ್ಯ. 1120 ಅಂತ ಕೆತ್ತಿದ್ದರೆ ಪರವಾಗಿಲ್ಲ, ಅದು ಸ್ವಿಸ್ ಕಂಪನಿ ಇಟಿಎಯ 2892 ಮೆಷಿನ್ ಮೇಲೆ ಕಟ್ಟಿದ್ದು, ಪಳಗಿದ ಕೈಗೆ ಗೊತ್ತಿರುವ ಮೆಷಿನ್. 2500 ಅಂತಿದ್ದರೆ ಅದರಲ್ಲಿ ಇಂಗ್ಲಿಷ್ ವಾಚ್ ತಯಾರಕ ಜಾರ್ಜ್ ಡೇನಿಯಲ್ಸ್ ರೂಪಿಸಿದ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್ (ಸ್ಪ್ರಿಂಗಿನ ಶಕ್ತಿಯನ್ನು ಟಿಕ್ ಟಿಕ್ ಅಂತ ಅಳೆದು ಬಿಡುವ ಭಾಗ) ಇರುತ್ತದೆ. ಅದಕ್ಕೆ ಕಂಪನಿ ಸರ್ವಿಸ್ ಸೆಂಟರೇ ಸರಿ. ಬಿಡಿಭಾಗಗಳನ್ನು ನಮ್ಮಂಥ ಅಂಗಡಿಗೆ ಅವರು ಸುಲಭಕ್ಕೆ ಕೊಡುವುದಿಲ್ಲ.

ಪ್ರಶ್ನೆ (ಸಿದ್ದಾಪುರ): ಬಿಚ್ಚಿದರೆ ವಾಟರ್‌ಪ್ರೂಫ್ ಹೋಗುತ್ತದೆ ಅಂತ ಅವರು ಒಪ್ಪುತ್ತಿಲ್ಲ ಅಣ್ಣ.

ಉತ್ತರ: ಸರ್ವಿಸ್‌ಗೆ ಹೇಗೂ ಬಿಚ್ಚಲೇಬೇಕು, ಆಗ ರಬ್ಬರ್ ರಿಂಗೂ ಬದಲಾಗುತ್ತದೆ. ಇದನ್ನು ಹೇಳಿ ನೋಡಿ. ಆಗಲೂ ಒಪ್ಪದಿದ್ದರೆ ಈ ವಾಚು ಬೇಡ.

ಕಾಮೆಂಟ್ (ಸೋಮವಾರಪೇಟೆ): ಸರಿಹೋಗದಿದ್ದರೆ ಡಯಲ್, ಚೈನು ಬಿಡಿಯಾಗಿ ಮಾರಿದರೂ ಹಾಕಿದ ದುಡ್ಡು ಬರುತ್ತಲ್ಲ?

ಉತ್ತರ: ಎಲ್ಲವೂ ಒರಿಜಿನಲ್ ಆಗಿದ್ದು, ಡಯಲ್‌ಗೆ ನೀರಿನ ಕಲೆ ಇಲ್ಲದಿದ್ದರೆ ಸ್ವಲ್ಪ ಬರಬಹುದು. ಆದರೆ ಬಿಲ್ಲಿಲ್ಲದ ವಾಚಿನಲ್ಲಿ ಯಾರು ಏನು ಬದಲಿಸಿದ್ದಾರೋ! ಬೇರೆ ಭಾಗ ಹಾಕಿದ್ದರೆ ಅದನ್ನೂ ಬದಲಿಸಬೇಕು ಅಂತ ಕಂಪನಿಯವರು ಹೇಳಬಹುದು, ಖರ್ಚು ಇನ್ನೂ ಏರುತ್ತದೆ. ಕದ್ದ ಮಾಲಾಗಿದ್ದರೆ ಪೊಲೀಸರು ತೆಗೆದುಕೊಂಡು ಹೋಗುತ್ತಾರೆ, ಕೊಟ್ಟ ದುಡ್ಡಿಗೆ ನೀವೇ ಅಲೆಯಬೇಕು. ಸೀರಿಯಲ್ ನಂಬರ್ ಬರೆದ ರಸೀದಿ, ಮಾರುವವರ ಗುರುತಿನ ಚೀಟಿಯ ಪ್ರತಿ ತಗೊಳ್ಳಿ. ದುಡ್ಡು ಬ್ಯಾಂಕ್ ಮೂಲಕವೇ ಕೊಡಿ.

ಪ್ರಶ್ನೆ (ಸಿದ್ದಾಪುರ): ಹಾಗಾದರೆ ಎಷ್ಟಕ್ಕೆ ಕೇಳಲಿ?

ಉತ್ತರ: ಉದಾಹರಣೆಗೆ, ಸರ್ವಿಸ್ ಮತ್ತು ಭಾಗಗಳಿಗೆ 70 ಸಾವಿರ ಎಸ್ಟಿಮೇಟ್ ಬಂತು ಅಂದುಕೊಳ್ಳಿ. 80 ಸೇರಿ ಒಂದೂವರೆ ಲಕ್ಷ. ಓಡುವ ವಾಚಿನ 1.75 ಲಕ್ಷಕ್ಕೆ ಹೋಲಿಸಿದರೆ ಉಳಿಯುವುದು 25 ಸಾವಿರ. ಅಷ್ಟಕ್ಕೋಸ್ಕರ ಇಷ್ಟೆಲ್ಲ ರಿಸ್ಕ್ ಯಾಕೆ? ಅದಕ್ಕಿಂತ ಬಿಲ್ಲಿರುವ, ಓಡುವ ವಾಚನ್ನೇ ಹುಡುಕಿ. ಇದೇ ಬೇಕು ಅಂದರೆ, ತುಕ್ಕಿಲ್ಲ ಅಂತ ಕಣ್ಣಾರೆ ನೋಡಿದ ಮೇಲೆ 50ಕ್ಕೆ ಕೇಳಿ, ಅದರ ಮೇಲೆ ಬೇಡ. ಮಾರುವವರನ್ನೂ ಕರೆದುಕೊಂಡು ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ ಎಸ್ಟಿಮೇಟ್ ಬರೆಸಿಕೊಳ್ಳಿ. ರಿಪೇರಿ ಬೇಡ ಅಂದರೂ ನೋಡಿದ್ದಕ್ಕೆ ಚಾರ್ಜ್ ಕೇಳಬಹುದು. ಅದನ್ನು ಯಾರು ಕೊಡುವುದು ಅಂತ ಹೊರಡುವ ಮೊದಲೇ ಮಾತಾಡಿಕೊಳ್ಳಿ.