ಮೆದುಳಿನ ಉರಿಯೂತಕ್ಕೆ ಕಾಂಡಕೋಶ: ನರರೋಗ ತಜ್ಞೆಗೆ ಸದಸ್ಯರ ಪ್ರಶ್ನೆಗಳು

ಸದಸ್ಯೆ: ನಮಸ್ಕಾರ ಡಾಕ್ಟರೇ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಉರಿಯೂತದಿಂದ ಮೆದುಳು-ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ, ಇರುವ ನನ್ನ ತಂಗಿಗೆ ಬೆನ್ನಿನ ಮೂಲಕ ಕಾಂಡಕೋಶ (ಬೇರೆ ಬಗೆಯ ಕೋಶಗಳಾಗಬಲ್ಲ ಸ್ಟೆಮ್ ಸೆಲ್) ಚುಚ್ಚುವುದಾಗಿ ಒಂದು ಚಿಕಿತ್ಸಾಲಯದವರು ಹೇಳಿದ್ದಾರೆ. ಅವರ ಮಾತು ಕೇಳಿ ತಂಗಿ, ರೋಗದ ಹತೋಟಿಗೆಂದು ಮೂರು ವರ್ಷಗಳಿಂದ ನುಂಗುತ್ತಿದ್ದ ಫಿಂಗೋಲಿಮೋಡ್ ಮಾತ್ರೆಯನ್ನು ಬಿಟ್ಟು ಇಂದಿಗೆ 11 ದಿನವಾಯಿತು. ಆ ಕೋಶಗಳು ಹೊಸ ನರಗಳಾಗುತ್ತವೆಯೇ?

ವೈದ್ಯೆ: ನಿಮ್ಮ ಪ್ರಶ್ನೆಗಿಂತ ಆ 11 ದಿನಗಳೇ ನನಗೆ ಕಳವಳ ತಂದಿವೆ. ಈ ಮಾತ್ರೆಯನ್ನು ಥಟ್ಟನೆ ಬಿಟ್ಟವರಲ್ಲಿ ಕೆಲವರಿಗೆ ಕೆಲವು ವಾರಗಳ ಬಳಿಕ ರೋಗ ಮೊದಲಿಗಿಂತ ಉಗ್ರವಾಗಿ ಮರುಕಳಿಸುವುದುಂಟು; ಅಲ್ಲದೆ ಅಂತರ 14 ದಿನ ದಾಟಿದರೆ, ಮತ್ತೆ ಆರಂಭಿಸುವ ದಿನ ಮೊದಲ ಮಾತ್ರೆಯಂದು ಮಾಡಿದಂತೆಯೇ 6 ಗಂಟೆ ಹೃದಯ ಬಡಿತವನ್ನು ಗಮನಿಸಬೇಕಾಗುತ್ತದೆ. ಅವರನ್ನು ನೋಡುತ್ತಿರುವ ತಜ್ಞರಿಗೆ ಇಂದೇ ಕರೆ ಮಾಡಿ.

ಇನ್ನು ಕೋಶಗಳ ವಿಷಯ. ಅಸ್ಥಿಮಜ್ಜೆಯಲ್ಲಿರುವ ಮೀಸೆಂಕೈಮಲ್ ಎಂಬ ಬಗೆಯ ಕಾಂಡಕೋಶಗಳು ಮೆದುಳಿನಲ್ಲಿ ನರಗಳಾಗಿ ನೆಲೆಯೂರುವುದಿಲ್ಲ. ರಕ್ತನಾಳಕ್ಕೆ ಕೊಟ್ಟರೆ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಬಿದ್ದು ಬೇಗ ಅಳಿಯುತ್ತವೆ. ಅಷ್ಟರಲ್ಲಿ ಅವು ಸ್ರವಿಸುವ ಪ್ರೋಸ್ಟಾಗ್ಲಾಂಡಿನ್‌ನಂತಹ ವಸ್ತುಗಳು ರೋಗನಿರೋಧಕ ಕೋಶಗಳ ಅಬ್ಬರವನ್ನು ತಗ್ಗಿಸಬಲ್ಲವು. ನರ ಕಾಂಡಕೋಶಗಳ ದಾರಿ ಬೇರೆ. ಉದ್ರೇಕಗೊಂಡ ಮೈಕ್ರೋಗ್ಲಿಯಾ, ಅಂದರೆ ಮೆದುಳಿನ ಕಾವಲು ಕೋಶಗಳು, ಹೊರಬಿಡುವ, ಉರಿಯೂತ ಹೆಚ್ಚಿಸುವ ಸಕ್ಸಿನೇಟ್ ಎಂಬ ವಸ್ತುವನ್ನು ನರ ಕಾಂಡಕೋಶಗಳು ಹೀರಿಕೊಂಡು ಉರಿಯೂತ ಇಳಿಸಿದ್ದನ್ನು ಕೇಂಬ್ರಿಡ್ಜ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ನನ್ನನ್ನು ಇಂದಿಗೂ ಬೆರಗುಗೊಳಿಸುವ ಪ್ರಯೋಗವದು. ಆದರೆ ನಡೆದದ್ದು ಇಲಿಗಳಲ್ಲಿ.

ಸದಸ್ಯ 2: ನಮ್ಮ ತಂದೆಗೆ ಪಾರ್ಶ್ವವಾಯು ಬಡಿದು 6 ವರ್ಷವಾಗಿದೆ. ಈಗಲೂ ಉರಿಯೂತ ಉಳಿದಿರುತ್ತದೆಯೇ?

ಸದಸ್ಯ 3: ಕಾಂಡಕೋಶದಿಂದ ಹೊಸ ನರ ಬೆಳೆಯುತ್ತದೆಯೇ, ಮೇಡಂ?

ವೈದ್ಯೆ: ಅಸ್ಥಿಮಜ್ಜೆಯ ಕೋಶಗಳಿಂದ ಹೊಸ ನರ ಬೆಳೆಯುವುದಿಲ್ಲ. ಮೇಲೆ ಬರೆದಿದ್ದೇನೆ.

ಸದಸ್ಯ 4: ಬಂದ ಸಂದೇಶ: "ಕಾಂಡಕೋಶದ ಪುಡಿಯನ್ನು ನಾಲಿಗೆಯಡಿ ಇಟ್ಟುಕೊಂಡರೆ 21 ದಿನಗಳಲ್ಲಿ ಮೆದುಳಿನ ಊತ ಮಾಯ." ನಿಜವೇ?

ವೈದ್ಯೆ: ಇದನ್ನು ಇದೇ ಗುಂಪಿನಲ್ಲಿ ಮೂರನೆಯ ಸಲ ಓದುತ್ತಿದ್ದೇನೆ. ಡಬ್ಬಿಯೊಳಗಿನ ಒಣ ಪುಡಿಯಲ್ಲಿ ಜೀವಂತ ಕೋಶ ಇರುವುದಿಲ್ಲ. ದಯವಿಟ್ಟು ಇನ್ನೊಬ್ಬರಿಗೆ ಕಳುಹಿಸಬೇಡಿ.

ಸದಸ್ಯ 5: ವೈದ್ಯರು ಯಾವಾಗಲೂ ಹೀಗೆಯೇ. 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 15 ರೋಗಿಗಳ ಮೆದುಳಿಗೇ ನರ ಕಾಂಡಕೋಶ ಚುಚ್ಚಿದ್ದರು; ಯಾರಿಗೂ ಅಪಾಯವಾಗಲಿಲ್ಲ.

ಸದಸ್ಯೆ 6: ಅದು ಸುರಕ್ಷತೆಯ ಮೊದಲ ಹಂತದ ಪರೀಕ್ಷೆ. 12 ತಿಂಗಳು ಗಮನಿಸಿದರು, ಹೋಲಿಕೆಗೆ ಬೇರೆ ಗುಂಪಿರಲಿಲ್ಲ. ರೋಗ ವಾಸಿಯಾಯಿತೆಂದು ಅದನ್ನು ಮಾಡಿದವರೂ ಹೇಳಿಲ್ಲ.

ಸದಸ್ಯ 5: ನಿಮ್ಮ ಮನೆಯಲ್ಲಿ ಕಾಯಿಲೆ ಇದ್ದಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಸದಸ್ಯೆ 6: ಇದೆ ಸ್ವಾಮಿ. ಅದಕ್ಕೇ ಓದಿಕೊಂಡಿದ್ದೇನೆ.

ವೈದ್ಯೆ: ಅಪಾಯವೇ ಇಲ್ಲ ಎನ್ನುವವರು ಇದನ್ನೂ ಓದಿ: ನರ ಕಾಂಡಕೋಶ ಚುಚ್ಚಿಸಿಕೊಂಡ ಬಾಲಕನೊಬ್ಬನ ಮೆದುಳು ಮತ್ತು ಬೆನ್ನುಹುರಿಯಲ್ಲಿ, ದಾನಿಯ ಕೋಶಗಳಿಂದಲೇ ಗೆಡ್ಡೆ ಬೆಳೆದದ್ದು 2009ರಲ್ಲಿ ವರದಿಯಾಗಿದೆ. ಜಗಳ ಸಾಕು.

ಸದಸ್ಯೆ: ಕಟ್ಟಿದ ಮುಂಗಡವನ್ನು ಮರಳಿಸುವುದಿಲ್ಲ ಎನ್ನುತ್ತಿದ್ದಾರೆ, ಡಾಕ್ಟರೇ.

ವೈದ್ಯೆ: ಅದು ಆಮೇಲೆ. ಮಾತ್ರೆಯ ಬಗ್ಗೆ ಕರೆ ಮಾಡಿದಿರಾ?