ಅಜ್ಜಿಮನೆ ಗುಂಪಿನಲ್ಲಿ ಒಂದು ಮೊಟ್ಟೆ

ನಮ್ಮ ಅಂಕೋಲೆಯ ‘ಅಜ್ಜಿಮನೆ’ ಗುಂಪಿನಲ್ಲಿ ಮೊನ್ನೆ ರಾತ್ರಿ ನಡೆದದ್ದು. ತಂಗಿಯನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ.

ಅತ್ತೆ, 8:41: (ಲಿಂಕ್) ನೋಡಿ ಅಮೆರಿಕದವರ ಕರುಣೆ! ಪಾಪದ ಮರಿ ಬೆಳಗಿಂದ ಮೊಟ್ಟೆಯೊಳಗೆ ಒದ್ದಾಡ್ತದೆ, ಇವರು ಕ್ಯಾಮೆರಾ ಇಟ್ಟು ನೋಡ್ತಾ ಕೂತಿದ್ದಾರೆ. ಚಿಪ್ಪು ಬಿಡಿಸಿ ಕೊಡುವವರು ಒಬ್ಬರೂ ಇಲ್ಲ. ಎಲ್ಲ ಗುಂಪಿಗೂ ಕಳಿಸಿ.

ಬೆಂಗಳೂರು ಅಣ್ಣ: ಅತ್ತೆ, ಲೈವ್ ಅಂತ ಯಾರು ಹೇಳಿದ್ದು? ಹಳೇ ವಿಡಿಯೋ ಇರಬಹುದು. ಯಾರ ಕ್ಯಾಮೆರಾ? ಮೂಲ ಹಾಕಿ.

ಅತ್ತೆ: ನಿಂಗೆ ಎಲ್ಲದಕ್ಕೂ ಮೂಲ ಬೇಕು. ನಿನ್ನ ಅಪ್ಪನೂ ಹಾಗೇ. ತೋಟದ ಪಾಲಿನ ದಿನ ಕಾಗದ ತೋರಿಸು ಅಂದವ.

ದೊಡ್ಡಪ್ಪ: ತಂಗೀ, ಕೋಳಿ ಮಾತಿಗೆ ತೋಟ ಎಂತಕ್ಕೆ? ನಾನು ಹೇಳೂದಿಷ್ಟೇ. ತಾಯಿ ಕಾವಿಲ್ಲದೆ ಹುಟ್ಟಿದ ಜೀವಕ್ಕೆ ಸಂಸ್ಕಾರ ಎಲ್ಲಿಂದ ಬರಬೇಕು? ಈಗಿನ ಮಕ್ಕಳೂ ಮೊಬೈಲ್ ಕಾವಿನಲ್ಲೇ ಬೆಳೆದವರು.

ಕಾರವಾರ ಬಾವ: ಅಜ್ಜಿಯ ಹೆಡಿಗೆ ನೆನಪಾಯ್ತು ಮಾರಾಯ್ರೆ. ಅಡಿಗೆ ಭತ್ತದ ಹೊಟ್ಟು, ಮೇಲೆ ಒಣಹುಲ್ಲು, ಬಚ್ಚಲೊಲೆ ಮೂಲೆಯಲ್ಲಿ ಕೆಂಪು ಹೇಂಟೆ. ಹತ್ತಿರ ಹೋದ್ರೆ ಕೈ ಕುಟುಕಿ ಬಿಡ್ತಿತ್ತು.

ಮುಂಬೈ ಅಕ್ಕ: ನೆಂಟರು ಬಂದ ದಿನ ಸಾರಾದದ್ದು ಅದೇ ಅಲ್ವಾ?

ಬಾವ: ಅಲ್ಲ, ಅದು ಕರಿದು.

ಕರಿದೋ ಕೆಂಪೋ ಎಂದು ಅರ್ಧ ತಾಸು ನಡೆಯಿತು. ಆಮೇಲೆ ಇದು ಬಂತು.

ಅತ್ತೆ: ಕೆಂಪಿದರ ಒಂದು ಮರಿ ಸತ್ತದ್ದು ಯಾರ ಕೈಯಿಂದ ಅಂತ ಎಲ್ಲರಿಗೂ ಗೊತ್ತು. ಹೆಸರು ಹೇಳೂದಿಲ್ಲ.

ಹೇಳಬೇಕಾಗಿಯೂ ಇಲ್ಲ. ಮೂವತ್ತು ವರ್ಷದಿಂದ ಪ್ರತಿ ಮದುವೆ, ಪ್ರತಿ ತಿಥಿಯಲ್ಲೂ ನನ್ನ ತಂಗಿ ಈ ಮಾತು ಕೇಳಿಸಿಕೊಂಡಿದ್ದಾಳೆ. ಆಗ ಅವಳಿಗೆ ಆರು ವರ್ಷ. ನಾನು ಪಕ್ಕದಲ್ಲೇ ಇದ್ದೆ. ಚಿಪ್ಪಿನಲ್ಲಿ ಅಕ್ಕಿಕಾಳಿನಷ್ಟು ತೂತು, ಒಳಗಿಂದ ಸಣ್ಣ ಕೂಗು. ಅವಳು ಉಗುರಿನಿಂದ ಒಂದೊಂದೇ ಚೂರು ಬಿಡಿಸಿದಳು. ಬಿಳಿ ಪೊರೆಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆಗಳಿದ್ದವು. ಪೊರೆ ಹರಿಯಿತು, ಒಂದು ಹನಿ ರಕ್ತ ಅವಳ ಹೆಬ್ಬೆರಳಿಗೆ ಹತ್ತಿತು. ಲಂಗಕ್ಕೆ ಒರೆಸಿಕೊಂಡಳು. ಆ ರಾತ್ರಿ ಉಣ್ಣಲಿಲ್ಲ.

ನಾನು ಬರೆದೆ: ಲಿಂಕ್ ಒತ್ತಿ ಯಾರೂ ಓದಿಲ್ಲ, ನಾನು ಓದಿದೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದವರು ಮಕ್ಕಳಿಗಾಗಿ ಇಟ್ಟ ಕ್ಯಾಮೆರಾ ಇದು. ಅಣ್ಣಾ, ಲೈವೇ, ಅಲ್ಲಿ ಈಗ ಬೆಳಿಗ್ಗೆ. ಅತ್ತೆ, ಕೋಳಿಮೊಟ್ಟೆಗೆ 21 ದಿನದ ಕಾವು, ಸುಮಾರು 37.5 ಡಿಗ್ರಿ ಬಿಸಿ ಬೇಕು. ಕೊಕ್ಕಿನ ಮೇಲಿನ ಗಟ್ಟಿ ಮೊನೆಯಿಂದ ಮೊದಲ ತೂತು ಮಾಡಿದ ಮೇಲೂ ಮರಿ ಹೊರಗೆ ಬರಲಿಕ್ಕೆ 12ರಿಂದ 24 ತಾಸು ಹಿಡೀತದೆ. ಸುಮ್ಮನೆ ಬಿದ್ದ ಹಾಗೆ ಕಾಣುವಾಗ ಪೊರೆಯ ರಕ್ತ ಮೈಗೆ ಸೇರ್ತಾ ಇರ್ತದೆ, ಉಳಿದ ಹಳದಿ ಹೊಟ್ಟೆಯೊಳಗೆ ಹೋಗ್ತಾ ಇರ್ತದೆ. ಆಗ ಚಿಪ್ಪು ಬಿಡಿಸಿದ್ರೆ ರಕ್ತ ಸೋರ್ತದೆ. ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಮುಚ್ಚಳ ತೆಗೆದ್ರೂ ಪಸೆ ಆರಿ ಪೊರೆ ಮರಿಯ ಮೈಗೆ ಅಂಟಿಕೊಳ್ಳಬಹುದು. ಅದಕ್ಕೇ ಅವರು ಕೈ ಹಾಕೂದಿಲ್ಲ. ನೀವು ಇವತ್ತು ಅವರಿಗೆ ಮಾಡಿ ಅಂದದ್ದನ್ನೇ ಅವತ್ತು ತಂಗಿ ಮಾಡಿದ್ದು. ಪಾಪ ಅನಿಸಿಯೇ ಮಾಡಿದ್ದು. ಇನ್ನು ಆ ಮಾತು ಬೇಡ.

ಅಣ್ಣ: ಮೂಲ ಸಿಕ್ತು.

ದೊಡ್ಡಪ್ಪ: ಎಂತ ಹೇಳಿದ್ರೂ ಪೆಟ್ಟಿಗೆ ತಾಯಿಯಾಗೂದಿಲ್ಲ.

ಅತ್ತೆ ಓದಿದ್ದು ಕಾಣುತ್ತಿತ್ತು, ಉತ್ತರ ಬರಲಿಲ್ಲ. ಬಾವ ನೀರ್‌ದೋಸೆ ಫೋಟೋ ಹಾಕಿ ಮಲಗಿದ.

ತಂಗಿ, 11:52: ಹೊರಗೆ ಬಂತು.

ಗುಂಪಿನಲ್ಲಿ ಅವಳು ಬರೆಯದೆ ಎಷ್ಟೋ ತಿಂಗಳಾಗಿತ್ತು.

ಅತ್ತೆ, 11:53: ಮೈ ಪೂರಾ ಒದ್ದೆ. ಚಳಿ ಆಗೂದಿಲ್ವನೇ?

ತಂಗಿ: ಇಲ್ಲ ಅತ್ತೆ, ಒಳಗೆ ಬೆಚ್ಚಗಿದೆ. ಒಣಗಿದ ಮೇಲೆ ತೆಗೀತಾರೆ.

ಅತ್ತೆ: ಎಡಗಡೇದು ನೋಡು. ಅದೂ ತೂತಾಗಿದೆ.